ಗೆಳೆಯನ ಸೀಟು ಬೀದಿಗೆ ಬಂದದ್ದು

"ಅವನ ಸೀಟು ಗುಜರಿಗೆ ಹೋಗೋಕೆ ನಾನು ಬಿಡಲ್ಲ. ಭಾನುವಾರ ಸಂಜೆಯೊಳಗೆ ಅದನ್ನ ಈ ಮನೆಗೆ ತಂದೇ ತರ್ತೀನಿ!"

ಹೀಗೆಂದು ಊಟದ ಮೇಜು ಗುದ್ದಿ ಘೋಷಿಸಿದೆ. ಲೋಟ ಉರುಳಿತು. ಮೇಜಿನ ಮೇಲಿದ್ದ ದಿನಪತ್ರಿಕೆಯ ಪ್ರಕಟಣೆ ನೆನೆದುಹೋಯಿತು. ನಮ್ಮ ಊರಿನ ದೊಡ್ಡ ಒಳಾಂಗಣ ಕ್ರೀಡಾಂಗಣದಲ್ಲಿ ಹಳೆಯ ಸೀಟುಗಳನ್ನೆಲ್ಲ ಕಿತ್ತು ಹೊಸದು ಹಾಕುತ್ತಾರಂತೆ. ಬೇಕಾದವರು ಭಾನುವಾರ ಬಂದು ಹಳೆಯದನ್ನು ಪುಕ್ಕಟೆಯಾಗಿ ಒಯ್ಯಬಹುದಂತೆ.

ಆ ಕ್ರೀಡಾಂಗಣ ಒಂದು ಬಹುರೂಪಿ. ಶುಕ್ರವಾರ ಅಲ್ಲಿ ಬ್ಯಾಸ್ಕೆಟ್‌ಬಾಲ್. ಶನಿವಾರ ಅದೇ ನೆಲದ ಮೇಲೆ ವೇದಿಕೆ ಎದ್ದು ಸಂಗೀತ. ಭಾನುವಾರ ವೇದಿಕೆ ಮಾಯವಾಗಿ ಕುಸ್ತಿ! ಏನೇ ಇರಲಿ, ಇಪ್ಪತ್ತೆರಡು ವರ್ಷ ಹನ್ನೊಂದನೆಯ ಸಾಲಿನ ಮೊದಲ ಎರಡು ಸೀಟು ನಮ್ಮವು. ದಾರಿಯ ಪಕ್ಕದ ಒಂದನೆಯದು ನನ್ನ ಗೆಳೆಯನದು, ಎರಡನೆಯದು ನನ್ನದು. ಅವನು ತೀರಿಹೋಗಿ ನಾಲ್ಕು ತಿಂಗಳಾಯಿತು. ಆಮೇಲೆ ನಾನು ಆ ಕಡೆ ತಲೆ ಹಾಕಿರಲಿಲ್ಲ.

"ಅಳತೆ ತಗೊಂಡಿದ್ದೀರಾ?" ಎಂದಳು ಹೆಂಡತಿ. ಅವಳು ದರ್ಜಿ. ದೇವರೇ ಪ್ರತ್ಯಕ್ಷನಾದರೂ ಮೊದಲು ಟೇಪು ಹಿಡಿಯುವವಳು.

"ಒಂದು ಕುರ್ಚಿಗೆ ಎಂಥ ಅಳತೆ? ನಾನೇನು ಆನೆ ತರ್ತಿದ್ದೀನಾ?"

"ನೀವು ಹೋದ್ರೆ ಅದೂ ಆಗಬಹುದು."

ನಾನು ಅವಳ ಮಾತು ಕಿವಿಗೆ ಹಾಕಿಕೊಳ್ಳದೆ ಗೆಳೆಯನ ಹೆಂಡತಿಗೆ ಫೋನ್ ಮಾಡಿದೆ. "ಅತ್ತಿಗೆ, ಭಾನುವಾರ ಸಂಜೆ ಬನ್ನಿ. ಅವನ ಸೀಟು ನಮ್ಮನೆಯಲ್ಲಿರುತ್ತೆ. ನಿಮಗೆ ಬೇಕೆನಿಸಿದ್ರೆ ನಿಮ್ಮನೆಗೇ ತಂದಿಡ್ತೀನಿ." ನಾಲ್ಕು ತಿಂಗಳಿಂದ ಅವರು ಮನೆಯ ಹೊಸ್ತಿಲು ದಾಟಿರಲಿಲ್ಲ. ಯಾರು ಕರೆದರೂ "ಇನ್ನೊಂದು ದಿನ" ಎನ್ನುತ್ತಿದ್ದರು. ಈ ಸಲ ಮೆಲ್ಲಗೆ, "ಸರಿ, ಬರ್ತೀನಿ" ಎಂದರು.

ಈಗ ಹಿಂದೆ ಸರಿಯುವ ಹಾಗೇ ಇರಲಿಲ್ಲ.

ಮೂವತ್ತು ವರ್ಷ ಗ್ರಂಥಾಲಯದಲ್ಲಿ ದುಡಿದವನು ನಾನು. ಸಾಲಿನಲ್ಲಿ ಎಷ್ಟೇ ಪುಸ್ತಕಗಳಿರಲಿ, ಬೇಕಾದ ಒಂದನ್ನು ಬೆರಳು ಕೊಟ್ಟು ಎಳೆದರೆ ಬಂತು. ಕುರ್ಚಿಗಳ ಸಾಲೂ ಹಾಗೆಯೇ ಎಂದು ಅಂಥವನಿಗೆ ಅನಿಸಿದ್ದರಲ್ಲಿ ತಪ್ಪೇನು? ಆದರೆ ಕ್ರೀಡಾಂಗಣದ ಫಿಟ್ಟರ್ ಗ್ರಂಥಾಲಯ ನೋಡಿದವನಲ್ಲ.

"ಒಂದು ಸೀಟು ಬರಲ್ಲ ಸರ್. ಆರಕ್ಕೂ ಒಂದೇ ಕಂಬಿ, ವೆಲ್ಡ್ ಆಗಿದೆ."

"ಕೊಯ್ದು ಕೊಡಪ್ಪ."

"ಆರು ಜನ ಅಣ್ಣತಮ್ಮಂದಿರು ಸರ್, ಪಾಲಾಗಲ್ಲ. ಒಯ್ದ್ರೆ ಆರೂ ಒಯ್ಯಿರಿ, ಇಲ್ಲಾಂದ್ರೆ ಗುಜರಿ ಲಾರಿ ಬಂದು ನಿಂತಿದೆ. ನಿಮ್ಮನೆ ಬಾಗಿಲು ದೊಡ್ಡದಾ?"

"ಅರಮನೆಯಂಥದ್ದು!" ಎಂದೆ. ಬಾಯಿ ಒಂದಿದ್ದರೆ ಬಾಗಿಲಿಗೇನು ಬರ!

ಮನೆ ಮುಂದೆ ಟೆಂಪೋ ನಿಂತಾಗ ಹೆಂಡತಿ ಬಾಲ್ಕನಿಯಿಂದ ಬಗ್ಗಿ ನೋಡಿದಳು. ಒಂದು, ಎರಡು ಎಂದು ಬೆರಳು ಮಡಿಸುತ್ತ ಎಣಿಸಿದಳು. ಆರಕ್ಕೆ ಬಂದು ಹಣೆಗೆ ಕೈ ಹಚ್ಚಿದಳು.

"ರೀ! ಒಬ್ಬ ಗೆಳೆಯನಿಗೆ ಆರು ಸೀಟಾ?"

"ಒಂದೇ ಸೀಟು ಕಣೇ! ಜೊತೆಗೆ ಐದು ಬಂದಿವೆ!"

ನಮ್ಮದು ಮೊದಲ ಮಹಡಿ. ಬೀದಿ ಬಾಗಿಲಿನಿಂದ ಒಂದು ಸಣ್ಣ ಓಣಿಯಂಥ ನಡೆ, ಅದರ ತುದಿಯಲ್ಲಿ ಮೆಟ್ಟಿಲು. ಟೆಂಪೋ ಚಾಲಕ ಮುಂದೆ, ನಾನು ಹಿಂದೆ, "ಹಾಂ, ತಳ್ಳಿ, ಹಾಂ!" ಎನ್ನುತ್ತ ಹತ್ತಡಿಯ ಆ ಸೀಟಿನ ಸಾಲನ್ನು ಒಳಗೆ ನುಗ್ಗಿಸಿದೆವು. ನಾಲ್ಕು ಸೀಟು ಒಳಗೆ ಹೋದವು. ಅಷ್ಟರಲ್ಲಿ ಆ ತುದಿಯ ಕೈಹಿಡಿ ಮೆಟ್ಟಿಲ ಕಟಕಟೆಯ ಸರಳುಗಳ ನಡುವೆ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಉಳಿದ ಎರಡು ಸೀಟು ಬಾಗಿಲಾಚೆ. ಅವು ಯಾವುವು ಗೊತ್ತೇ? ಒಂದನೆಯದು, ಎರಡನೆಯದು! ಇಪ್ಪತ್ತೆರಡು ವರ್ಷದ ನಮ್ಮ ಸ್ನೇಹ ಅಕ್ಷರಶಃ ಬೀದಿಗೆ ಬಂದಿತ್ತು.

ಚಾಲಕ ಸೀಟುಗಳ ಮೇಲೇ ಹತ್ತಿ ಇಳಿದು ಹೊರಗೆ ಬಂದು ಬೆವರು ಒರೆಸಿಕೊಂಡ. "ಇಳಿಸಿ ಕೊಡೋದಷ್ಟೇ ನನ್ನ ಕೆಲಸ ಸರ್. ಇಳಿಸಿದೀನಿ" ಎಂದವನೇ ಗಾಡಿ ಹತ್ತಿ ಪರಾರಿ!

ಅಷ್ಟರಲ್ಲಿ ಎರಡನೆ ಮಹಡಿಯ ನಿವೃತ್ತ ಮೇಷ್ಟ್ರು ವಾಯುವಿಹಾರ ಮುಗಿಸಿ ಬಂದರು. ಮೆಟ್ಟಿಲಿಗೆ ದಾರಿಯಿಲ್ಲ. ಒಂದು ಕ್ಷಣ ನೋಡಿದರು. ಮೇಲಕ್ಕೆ ಮಡಚಿಕೊಂಡಿದ್ದ ಒಂದನೆಯ ಸೀಟನ್ನು ಕೆಳಗೆ ಒತ್ತಿ, ಕಾಲ ಮೇಲೆ ಕಾಲು ಹಾಕಿ ಕೂತೇಬಿಟ್ಟರು.

"ಮೇಷ್ಟ್ರೇ, ಅದು ನನ್ನ ಗೆಳೆಯನ ಸೀಟು! ದಯವಿಟ್ಟು ಏಳಿ!"

"ಏಳ್ತೀನಿ. ಮನೆಗೆ ಹೋಗೋಕೆ ದಾರಿ ಬಿಡಿ, ಈಗಲೇ ಏಳ್ತೀನಿ."

ಪಕ್ಕದ ಮನೆಯ ನರ್ಸಮ್ಮ ತರಕಾರಿ ಚೀಲ ಹಿಡಿದು ಬಂದವರು ಎರಡನೆಯದರಲ್ಲಿ ಕೂತರು. "ಏನು ಪ್ರೋಗ್ರಾಂ?" ಎಂದು ಮೇಷ್ಟ್ರನ್ನು ಕೇಳಿದರು. "ಇನ್ನೂ ಶುರುವಾಗಿಲ್ಲ. ಜಗಳ ಇರಬೇಕು" ಎಂದರು ಮೇಷ್ಟ್ರು. ಒಳಗೆ ಹೆಂಡತಿ ಎಣ್ಣೆಯ ಬಾಟಲಿ ಹಿಡಿದು ಸರಳುಗಳ ಹತ್ತಿರ ಬಗ್ಗಿದ್ದಳು. ನಾನು ಎಳೆದಾಗಲೆಲ್ಲ ಖಾಲಿ ಸೀಟುಗಳು ಸ್ಪ್ರಿಂಗಿನ ಮೇಲೆ ಫಟ್ ಫಟ್ ಎಂದು ಬಡಿದುಕೊಂಡು ನನಗೇ ಚಪ್ಪಾಳೆ ಹೊಡೆಯುತ್ತಿದ್ದವು.

ಆಗಲೇ ಆಟೋ ಬಂದು ನಿಂತಿತು. ಅತ್ತಿಗೆ ಇಳಿದರು. ತೀರಾ ಇಳಿದುಹೋಗಿದ್ದರು. ಕಂಕುಳಲ್ಲಿ ಒಂದು ತೆಳ್ಳನೆಯ ದಿಂಬು. ಪ್ರತಿ ಕಾರ್ಯಕ್ರಮಕ್ಕೂ ಗೆಳೆಯ ತಪ್ಪದೆ ತರುತ್ತಿದ್ದದ್ದು. ಅವನಿಗೆ ಬೆನ್ನುನೋವು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಅತ್ತಿಗೆಯ ಮುಖ ಕಂಡದ್ದೇ ಮೇಷ್ಟ್ರು ಏನೂ ಕೇಳದೆ ಎದ್ದು ನಿಂತರು. ಫಟ್!

ಸಿದ್ಧಮಾಡಿಕೊಂಡಿದ್ದ ಭಾಷಣ ಬಿಡಲಾದೀತೇ? "ಅತ್ತಿಗೆ, ಇದೇ ಅವನ ಸೀಟು. ಇಪ್ಪತ್ತೆರಡು ವರ್ಷ ಅವನು ಕೂತು ನೋಡಿದ ಜಾಗ. ಒಂದೇ ಒಂದು ಆಟ, ಒಂದೇ ಒಂದು ಹಾಡು ನಾವು ತಪ್ಪಿಸಿಲ್ಲ..."

ಅತ್ತಿಗೆ ಸೀಟನ್ನು ಮುಟ್ಟಿ ನೋಡಿದರು. ಬೆರಳಿನಿಂದ ಒತ್ತಿದರು. ಮೆತ್ತಗಿತ್ತು. ದಿಂಬನ್ನು ಮಗುಚಿ ಅದರ ಅಡಿ ನನಗೆ ತೋರಿಸಿದರು. ಬಟ್ಟೆ ಸವೆದು, ಸಿಮೆಂಟಿನ ಬೂದಿ ಬಣ್ಣ ಹತ್ತಿತ್ತು.

"ಇದರಲ್ಲಿ ಅವರು ಕೂರ್ತಿದ್ದದ್ದು ಶುರುವಿಗೆ ಹತ್ತು ನಿಮಿಷ, ಕೊನೆಗೆ ಹತ್ತು ನಿಮಿಷ ಅಷ್ಟೇ."

"ಮತ್ತೆ ನಡುವೆ?"

"ನಡುವೆ ನೀವು ಮಲಗ್ತಿದ್ರಲ್ಲ. ನಿದ್ದೆ ಹತ್ತಿದ್ರೆ ಎಡಕ್ಕೆ ವಾಲಿ ಎರಡು ಸೀಟೂ ಹಿಡೀತಿದ್ರಂತೆ. ಅವರು ಎದ್ದು ಪಕ್ಕದ ಮೆಟ್ಟಿಲ ಮೇಲೆ ಈ ದಿಂಬು ಹಾಕ್ಕೊಂಡು ಕೂರ್ತಿದ್ರು. ಮುಗಿಯೋ ಹೊತ್ತಿಗೆ ಬಂದು ನಿಮ್ಮನ್ನ ಎಬ್ಬಿಸ್ತಿದ್ರು, ಚಪ್ಪಾಳೆ ತಟ್ಟೋಕೆ."

"ನಾನು ಕಣ್ಣು ಮುಚ್ಚಿ ಆಲಿಸ್ತಿದ್ದೆ!" ಎಂದೆ.

"ಬ್ಯಾಸ್ಕೆಟ್‌ಬಾಲನ್ನಾ?" ಎಂದರು ಮೇಷ್ಟ್ರು.

ಹೆಂಡತಿ ಬಾಟಲಿ ಹಿಡಿದೇ ಕೇಳಿದಳು. "ಇಪ್ಪತ್ತೆರಡು ವರ್ಷ ಸಿಮೆಂಟಿನ ಮೇಲೆ! ನಡುವೆ ಒಂದು ಸಲ ಎಬ್ಬಿಸಬಾರದಿತ್ತಾ?"

"ನಾನೂ ಅದನ್ನೇ ಕೇಳಿದ್ದೆ. 'ಬೇಡ ಮಾರಾಯ್ತಿ, ಎಚ್ಚರ ಇದ್ರೆ ಆಟಕ್ಕಿಂತ ಅವನ ವಿವರಣೆಯೇ ಜೋರು. ಅವನು ಮಲಗಿದ ಮೇಲೇ ನನಗೆ ಆಟ ಕಾಣೋದು' ಅಂದ್ರು."

ಹೇಳುತ್ತ ಹೇಳುತ್ತ ಅತ್ತಿಗೆ ನಕ್ಕರು. ಮೊದಲು ತುಟಿಯಲ್ಲಿ, ಆಮೇಲೆ ಭುಜ ಕುಲುಕುವಷ್ಟು. ಕಣ್ಣಲ್ಲಿ ನೀರು ಬಂತು, ನಗು ಮಾತ್ರ ನಿಲ್ಲಲಿಲ್ಲ. ದಿಂಬನ್ನು ಮಡಿಲಲ್ಲಿಟ್ಟುಕೊಂಡು, ನಡುಬೀದಿಯಲ್ಲಿ ಆ ಸೀಟಿನ ಮೇಲೇ ಕೂತು ನಕ್ಕರು.

ನಾನು ಮಾತ್ರ ಹನ್ನೊಂದನೆಯ ಸಾಲಿನ ಪಕ್ಕದ ಆ ಮೆಟ್ಟಿಲನ್ನೇ ನೆನೆಯುತ್ತ ನಿಂತಿದ್ದೆ. ನನ್ನ ಮುಖವನ್ನು ಮೂವತ್ತು ವರ್ಷದಿಂದ ಓದುತ್ತ ಬಂದ ಹೆಂಡತಿ ಎಣ್ಣೆಯ ಬಾಟಲಿ ಕೆಳಗಿಟ್ಟು, ಸೀಟುಗಳನ್ನು ಹತ್ತಿ ಇಳಿದು ಧಾವಿಸಿ ಬಂದು ನನ್ನ ತೋಳು ಹಿಡಿದಳು.

"ರೀ, ನೀವೇನು ಯೋಚಿಸ್ತಿದ್ದೀರಿ ಅಂತ ನಂಗೊತ್ತು. ಅದು ಕಾಂಕ್ರೀಟು. ದಮ್ಮಯ್ಯ ಅಂತೀನಿ, ಅದನ್ನ ಅಲ್ಲೇ ಇರೋಕೆ ಬಿಡಿ!"