ಪೊಮಾ ಅತ್ತೆಯ ಕೆಂಪು ಟೇಬಲ್

ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅತ್ತೆಯ ಬಾಯಲ್ಲಿ ತನ್ನ ಹೆಸರು ಒಮ್ಮೆಯೂ ಬರಲಿಲ್ಲವಲ್ಲ ಎಂಬ ಕೊರಗು ಕ್ವಾಬೆನಾನನ್ನು ಒಳಗೊಳಗೇ ತಿನ್ನುತ್ತಿತ್ತು. ಪೊಮಾ ಅತ್ತೆಗೆ ತನ್ನೂರು ಮಾಂಪಾಂಗಿನ ಮೇಕೆಗಳ ಹೆಸರು ಕೂಡ ಬಾಯಿಪಾಠ. ಅಳಿಯ ಮಾತ್ರ ಮಗಳ ಹೆಸರಿನಲ್ಲೇ "ದುಫಿಯೆ ಗಂಡ". ಫೋನಿನಲ್ಲೂ ಅಷ್ಟೇ: "ಯಾರು? ದುಫಿಯೆ ಗಂಡಾನಾ? ಅವಳಿಗೆ ಕೊಡು." (ಅತ್ತೆ ಅಳಿಯನ ಸಲ್ಲಾಪ ಅಲ್ಲಿಗೆ ಸಮಾಪ್ತಿ.)

ಆ ಅತ್ತೆಗೆ ಈಗ ಎಂಬತ್ತು ತುಂಬುತ್ತಿತ್ತು. ಭಾನುವಾರ ಚರ್ಚಿನಲ್ಲಿ ಕೃತಜ್ಞತೆಯ ಪೂಜೆ, ಆಮೇಲೆ ಊಟ. ಶಿಕ್ಷಣ ಕಚೇರಿಯ ತರಬೇತಿಗೆ ಹೋಗಿ ಸ್ಲೈಡಿನಲ್ಲಿ ಟೇಬಲ್ ಕಟ್ಟುವ ಮಹಾವಿದ್ಯೆಯನ್ನು ಕಲಿತು ಬಂದಿದ್ದ ಕ್ವಾಬೆನಾ, ಇದೇ ಸಮಯವೆಂದು ಟೊಂಕ ಕಟ್ಟಿದ. ಯಾರು ಹಾಡುತ್ತಾರೆ, ಯಾರು ಮಾತಾಡುತ್ತಾರೆ, ಅತ್ತೆಗೆ ಏನು ನಂಟು, ಎಲ್ಲವೂ ಸಾಲುಸಾಲಾಗಿ ಗೋಡೆಯ ಮೇಲೆ ಬೆಳಗಬೇಕು. ಒಂದು ಸಾಲು ಬಿಳಿ, ಒಂದು ಸಾಲು ತಿಳಿನೀಲಿ, ಪಕ್ಕದಲ್ಲಿ ಅತ್ತೆಯ ನಗುಮುಖದ ಫೋಟೋ.

"ಬಾಯಲ್ಲಿ ಓದಿ ಹೇಳಿದ್ರೆ ಸಾಲ್ದಾ?" ಎಂದಳು ದುಫಿಯೆ, ಕಂಪ್ಯೂಟರಿನ ತೆರೆಯತ್ತ ಇಣುಕಿ.

"ನಿಂಗೊತ್ತಾಗಲ್ಲ ಕಣೆ. ನೋಡು, ಟೇಬಲಿನ ಮೇಲಿನ ಸಾಲಿನ ಮೂರು ಮನೆ ಸೇರಿಸಿ ಒಂದೇ ದೊಡ್ಡ ಮನೆ ಮಾಡ್ದೆ."

ಆ ದೊಡ್ಡ ಮನೆಯಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: "ನೇತೃತ್ವ: ಅಳಿಯ ಕ್ವಾಬೆನಾ ಬೊವಾಟೆಂಗ್".

"ಅಲ್ಲಾ ರೀ, ಎಂಬತ್ತು ತುಂಬೋದು ಅಮ್ಮಂಗಾ, ನಿಮಗಾ?"

"ಓದ್ಕೊಂಡಾದ್ರೂ ಒಂದ್ಸಲ ನಿಮ್ಮಮ್ಮ ನನ್ನ ಹೆಸರು ಹೇಳ್ಲಿ ಅಂತ."

ಅವನ ದನಿ ಇಳಿದದ್ದನ್ನು ಕೇಳಿ ದುಫಿಯೆ ತನ್ನ ಕೆಲಸಕ್ಕೆ ಹೋದಳು.

ಭಾನುವಾರ ಚರ್ಚಿನ ಲ್ಯಾಪ್‌ಟಾಪಿನಲ್ಲಿ ಹಾಡುಗಳ ಸ್ಲೈಡುಗಳು ಸಿದ್ಧವಾಗಿದ್ದವು. ಕ್ವಾಬೆನಾ ತನ್ನ ಟೇಬಲನ್ನು ಅದರ ಕೊನೆಗೆ ಅಂಟಿಸಿದ. ಅಂಟಿಸುವುದಕ್ಕೂ ಪಾದ್ರಿಗಳು "ಪ್ರಾರ್ಥಿಸೋಣ" ಎನ್ನುವುದಕ್ಕೂ ಸರಿಹೋಯಿತು. ಅವನು ಕಣ್ಣು ಮುಚ್ಚಿದ. ಮಾಂಪಾಂಗಿನ ಪಾದ್ರಿಗಳ ಪ್ರಾರ್ಥನೆ ಎಂದರೆ ಸೃಷ್ಟಿಯಿಂದ ಶುರುವಾಗಿ ಊರಿನ ರಸ್ತೆ ರಿಪೇರಿಯವರೆಗೆ ಬರಬೇಕು.

ಒಂದು ಕಡತದ ಟೇಬಲನ್ನು ಇನ್ನೊಂದಕ್ಕೆ ಸುಮ್ಮನೆ ಅಂಟಿಸಿದರೆ ಅದು ತವರಿನ ಬಣ್ಣ ಕಳಚಿ ಹೋದ ಮನೆಯ ಬಣ್ಣ ಉಡುತ್ತದೆ. ತರಬೇತಿಯಲ್ಲಿ ಇದನ್ನೂ ಹೇಳಿಕೊಟ್ಟಿದ್ದರು. ಆದರೆ ಆ ಪಾಠ ಊಟವಾದ ಮೇಲಿತ್ತು. ಕ್ವಾಬೆನಾ ಗೊರಕೆ ಹೊಡೆಯುತ್ತಿದ್ದ. ಮತ್ತು ಚರ್ಚಿನ ಆ ಹಾಡುಗಳ ಕಡತವೋ, ಹಿಂದಿನ ದಿನದ ಶವಸಂಸ್ಕಾರಕ್ಕೆ ಮಾಡಿದ್ದು; ಆ ಸೀಮೆಯಲ್ಲಿ ಸೂತಕದ ಬಣ್ಣ ಕಪ್ಪು, ಕೆಂಪು.

"ಆಮೆನ್" ಎಂದು ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಒಂದು ಸಾಲು ಕಪ್ಪು, ಒಂದು ಸಾಲು ಕಡುಗೆಂಪು. ಪಕ್ಕದಲ್ಲಿ ಪೊಮಾ ಅತ್ತೆ ನಗುತ್ತಿದ್ದಳು. ಊರಿನ ಗೋಡೆಗೋಡೆಗೂ ಅಂಟಿಸುವ ಸಾವಿನ ಪೋಸ್ಟರೇ ಸೈ! ಸಂಭ್ರಮಕ್ಕೆಂದು ಬಿಳಿ ಬಟ್ಟೆ ಉಟ್ಟು ಬಂದಿದ್ದ ಮುದುಕಿಯರು ತಲೆಯ ಮೇಲೆ ಕೈ ಹೊತ್ತರು. ಹಿಂದಿನ ಬೆಂಚಿನಲ್ಲಿ ಯಾರೋ ಅಳುವುದಕ್ಕೇ ಶುರುಮಾಡಿದರು.

ಎದ್ದು ನಿಂತವನು ಅತ್ತೆಯ ತಮ್ಮ ಅಟಾ, ತಾಯಿಯ ಕಡೆಯ ಮನೆತನಕ್ಕೆಲ್ಲ ಯಜಮಾನ. ಅವನ ಸಿಟ್ಟು ಬಣ್ಣದ ಮೇಲಲ್ಲ, ಮೇಲಿನ ಸಾಲಿನ ಮೇಲೆ. "ಸಾವಿನ ಪಟ್ಟೀಲಿ ಮೇಲಿರೋ ಹೆಸರು ಅಳೋರ ಯಜಮಾನಂದು! ನಾನು ಬದುಕಿರೋವಾಗ್ಲೇ, ಹೊರಗಿಂದ ಬಂದ ಅಳಿಯ ಆ ಜಾಗ ಹಿಡಿಯೋದಾ?"

ಕ್ವಾಬೆನಾನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೆಸರು ಹೋಗಲಿ, ಇನ್ನು ಮೇಲೆ "ದುಫಿಯೆ ಗಂಡ" ಅನ್ನಿಸಿಕೊಳ್ಳುವ ಭಾಗ್ಯವೂ ಉಳಿಯುವಂತಿರಲಿಲ್ಲ.

ಪೊಮಾ ಅತ್ತೆ ಗೋಡೆಯನ್ನು ತುಂಬ ಹೊತ್ತು ನೋಡಿದಳು. "ಸುಮ್ನಿರೋ ಅಟಾ. ನಾನು ಸತ್ತ ದಿನ ಯಾರ್ಯಾರು ಎಷ್ಟೆಷ್ಟು ಅತ್ರಿ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಮೇಲೆ ಹೆಸರು ಹಾಕ್ಕೊಂಡಿದಾನಲ್ಲ, ಅವನೇ ಮೊದಲು ಅಳ್ಲಿ. ಏನಪ್ಪಾ, ಶುರು ಮಾಡು. ಕೇಳೋಣ."

ಸಭೆ ಗೊಳ್ಳೆಂದಿತು. ಕ್ವಾಬೆನಾ ಮುಂದೆ ಬಂದು, "ಅಯ್ಯೋ ಅತ್ತೇ, ನಮ್ಮನ್ನ ಬಿಟ್ಟು ಹೋದ್ಯಾ" ಎಂದು ನಾಟಕದ ರಾಗ ಎಳೆದ. ನಗು ಇನ್ನೂ ಏರಿತು. ಅಷ್ಟರಲ್ಲಿ ಅವನ ಕಣ್ಣು ಅತ್ತೆಯ ಕಾಲಿನ ಮೇಲೆ ಬಿತ್ತು. ಹೊಸ ಚಪ್ಪಲಿ ಹಾಕಿದ್ದ ಆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಇವಳು ಯಾವಾಗ ಇಷ್ಟು ಕುಗ್ಗಿದಳು? ತನ್ನ ತಾಯಿ ಹೋದಾಗ ಇದೇ ಮುದುಕಿ ಒಂದೂ ಮಾತಾಡದೆ ಪಕ್ಕದಲ್ಲಿ ಕೂತು, ಸೂಪಿನಲ್ಲಿ ಅದ್ದಿ ಅದ್ದಿ ಮುದ್ದೆಯಂಥ ಫುಫು ತಿನ್ನಿಸಿದ್ದು ನೆನಪಾಯಿತು. ಒಂದು ದಿನ ಆ ಕುರ್ಚಿ ಖಾಲಿಯಾಗುತ್ತದೆ. ರಾಗ ಅರ್ಧಕ್ಕೇ ಮುರಿಯಿತು. ನಿಜವಾದ ಅಳು ಬಂತು, ಬಂದದ್ದು ನಿಲ್ಲಲಿಲ್ಲ.

"ಸಾಕು ಸಾಕು," ಎಂದಳು ಅತ್ತೆ, ಸೆರಗಿನ ತುದಿಯಿಂದ ತನ್ನ ಕಣ್ಣನ್ನೂ ಒರೆಸಿಕೊಳ್ಳುತ್ತ. "ನಾನಿನ್ನೂ ಊಟ ಮಾಡ್ಬೇಕು."

ಊಟಕ್ಕೆ ಹಿಸುಕಿದ ಗೆಣಸಿನ ಎತೊ, ಅದರ ಮೇಲೆ ಹುಟ್ಟುಹಬ್ಬಕ್ಕೆಂದೇ ಇಡುವ ಬೇಯಿಸಿದ ಮೊಟ್ಟೆ. ಅತ್ತೆ ಮೊಟ್ಟೆಯನ್ನು ಎರಡು ಹೋಳು ಮಾಡಿ, ಊರಿಗೆಲ್ಲ ಕೇಳುವಂತೆ ಕೂಗಿದಳು: "ಏ ಅಳುಮುಂಜಿ! ಬಾ ಇಲ್ಲಿ, ತಗೋ."

ಸಂಜೆಯೊಳಗೆ ಇಡೀ ಮಾಂಪಾಂಗಿಗೆ ಅವನು ಅಳುಮುಂಜಿ. ಅಟಾ ಮಾವನಂತೂ ಹಾಗೆಂದು ಬಾಯ್ತುಂಬ ಕರೆದು ಸೇಡು ತೀರಿಸಿಕೊಂಡ.

"ಹೆಸರು ಬೇಕು ಅಂತಿದ್ರಲ್ಲ, ಸಿಕ್ತು ನೋಡಿ," ಎಂದಳು ದುಫಿಯೆ.

ಮರುವಾರ ಕ್ವಾಬೆನಾ ಎಂದಿನಂತೆ ಫೋನು ಮಾಡಿದ. ಎಂದಿನಂತೆ ದುಫಿಯೆ ಪಕ್ಕದಲ್ಲಿ ಕೈ ಚಾಚಿ ನಿಂತಳು.

"ಯಾರು? ಅಳುಮುಂಜೀನಾ?" ಎಂದಳು ಅತ್ತೆ. "ಊಟ ಆಯ್ತೇನಪ್ಪಾ? ಏನು ತಿಂದೆ?"

ಅವನು ಹೇಳತೊಡಗಿದ. ದುಫಿಯೆ ಕೈ ಚಾಚಿಕೊಂಡು ನಿಂತೇ ಇದ್ದಳು.