ದ್ರಾಕ್ಷಿ ಹಿಡಿದ ಬಾಹುಬಲಿ

ಬಸದಿ, ಮೂರ್ತಿ, ಶಿಲ್ಪ ಎಂದರೆ ನಮ್ಮೂರು ಭೋಜದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ದೃಢ ನಂಬಿಕೆ. ಮಗಳ ಮದುವೆ ನಿಶ್ಚಯವಾಗಿತ್ತು. ಮದುವೆ ಸೀರೆಗಳ ಬಸ್ತಾ ಕಟ್ಟಲು, ಅಂದರೆ ಜವಳಿ ಖರೀದಿಗೆ, ಹಾರೂಗೇರಿಯ ಬೀಗರೊಂದಿಗೆ ಕೊಲ್ಹಾಪುರಕ್ಕೆ ಹೋಗಿದ್ದೆವು. ಬೀಗರು ಮಹಾ ಧರ್ಮನಿಷ್ಠರು. "ಅವರ ಮುಂದ ಶಾಣ್ಯಾತನ ತೋರಸಾಕ ಹೋಗಬ್ಯಾಡ್ರಿ" ಎಂದು ಹೆಂಡತಿ ಬಸ್ಸಿನಲ್ಲೇ ಎಚ್ಚರಿಸಿದ್ದಳು.

ಹೆಂಗಸರು ಸೀರೆಗಳ ರಾಶಿಯಲ್ಲಿ ಮುಳುಗಿದಾಗ ಬೀಗರು ಆಕಳಿಸತೊಡಗಿದರು. ಅವರನ್ನು ರಂಜಿಸುವುದು ಹೆಣ್ಣಿನ ತಂದೆಯ ಕರ್ತವ್ಯವಲ್ಲವೇ? ಹತ್ತಿರದ ಮ್ಯೂಸಿಯಮ್ಮಿಗೆ ಕರೆದೊಯ್ದೆ. ಕನ್ನಡಕ ಸೀರೆ ಅಂಗಡಿಯಲ್ಲೇ ಉಳಿದಿತ್ತು. ಬಾಗಿಲ ಬಳಿಯ ಫಲಕ ಓದುವ ಗೋಜಿಗೆ ಹೋಗಲಿಲ್ಲ.

ಒಳಗೆ ಅಮೃತಶಿಲೆಯ ಆಳೆತ್ತರದ ಮೂರ್ತಿ. ದಿಗಂಬರ. ಗುಂಗುರು ಕೂದಲು, ಶಾಂತ ಮುಖ, ಕಾಲ ಬಳಿಯಿಂದ ಮೇಲೇರಿದ ಬಳ್ಳಿ. ಬಳ್ಳಿ ಕಂಡ ಮೇಲೆ ಇನ್ನೇನು ಅನುಮಾನ? ಬಾಹುಬಲಿ ಎಂದು ಘೋಷಿಸಿದೆ.

ಬೀಗರು ತಕ್ಷಣ ಚಪ್ಪಲಿ ಬಿಟ್ಟು, ಚರ್ಮದ ಬೆಲ್ಟ್ ಬಿಚ್ಚಿ ಮೂಲೆಗಿಟ್ಟರು. ನಾನೂ ಬಿಚ್ಚಿದೆ. ನನ್ನ ಪ್ಯಾಂಟು ಕೇವಲ ಬೆಲ್ಟಿನ ಕೃಪೆಯಿಂದ ನಿಂತಿತ್ತು ಎಂಬುದು ಆಮೇಲೆ ಹೊಳೆಯಿತು! ಒಂದು ಕೈಯಲ್ಲಿ ಪ್ಯಾಂಟು ಹಿಡಿದು, ಇನ್ನೊಂದರಲ್ಲಿ ಅರ್ಧ ನಮಸ್ಕಾರ ಮಾಡಿ ಪ್ರದಕ್ಷಿಣೆ ಹಾಕಿದೆ.

"ಬಾಹುಬಲಿ ಕೈಯಾಗ ದ್ರಾಕ್ಷಿ ಯಾಕ ಐತ್ರಿ?" ಎಂದು ಬೀಗರು ಕೇಳಿದರು.

ನನಗೂ ಗೊಂದಲವೇ. ಆದರೂ, ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರು ಮಾಡಿಸಿಕೊಟ್ಟ ಮೂರ್ತಿ ಇರಬೇಕೆಂದೆ. ಬೀಗರು ತಲೆಯಾಡಿಸಿದರು. ದರ್ಶನವಾದ ಮೇಲೆ ಏನಾದರೂ ಬಿಡುವ ನೇಮ ಹಿಡಿಯಬೇಕಲ್ಲ, ನೀವೇನು ಬಿಡುತ್ತೀರಿ ಎಂದರು. ಭಕ್ತಿಯ ಭರದಲ್ಲಿ, ಮಗಳ ಲಗ್ನ ಮುಗಿಯುವವರೆಗೆ ಚಹಾ ಬಿಟ್ಟೆ ಎಂದುಬಿಟ್ಟೆ. ಎದ್ದ ತಕ್ಷಣ ಚಹಾ ಸಿಗದಿದ್ದರೆ ಹೆಂಡತಿಯ ಗುರುತೂ ಹತ್ತದ ಮನುಷ್ಯ ನಾನು!

ಅಷ್ಟರಲ್ಲಿ ಕಾವಲುಗಾರ ಓಡಿಬಂದ. "ಕಾಕಾ, ಹಾ ರೋಮನ್ ಲೋಕಾಂಚಾ ದಾರೂಚಾ ದೇವ ಆಹೆ" ಎಂದ. ರೋಮನ್ನರ ಹೆಂಡದ ದೇವರು! ಆ ಕೋಣೆಯಲ್ಲಿದ್ದವೆಲ್ಲ ಗ್ರೀಕರ, ರೋಮನ್ನರ ಮೂರ್ತಿಗಳ ನಕಲುಗಳಂತೆ. ಬೀಗರು ಸರಸರನೆ ಬೆಲ್ಟ್ ಕಟ್ಟಿಕೊಂಡು ಹೊರಗೆ ನಡೆದರು. ಸಂಬಂಧ ಮುರಿದೇಹೋಯಿತೆಂದುಕೊಂಡೆ.

ಸೀರೆ ಅಂಗಡಿಗೆ ಮರಳಿದಾಗ ಎಲ್ಲರಿಗೂ ಚಹಾ ಬಂತು. ಬೀಗರು ನಡೆದದ್ದನ್ನೆಲ್ಲ ಹೆಂಗಸರಿಗೆ ಹೇಳಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಸಂಬಂಧ ಉಳಿಯಿತು! ಆ ಸಮಾಧಾನದಲ್ಲಿ ಕಪ್ಪಿಗೆ ಕೈ ಚಾಚಿದೆ. ಹೆಂಡದ ದೇವರ ಮುಂದೆ ಹಿಡಿದ ನೇಮ ಲೆಕ್ಕಕ್ಕಿಲ್ಲ ಎಂದು ವಾದಿಸಿದೆ.

"ದೇವರು ರೋಮಿನವ ಇರಬಹುದ್ರಿ. ನೇಮ ಹಿಡಿದ ನಾಲಿಗಿ ಅಂತೂ ಭೋಜದ್ದ ಐತಲ್ಲ" ಎಂದು ಬೀಗರು ತಮ್ಮ ಚಹಾ ಹೀರಿದರು. ಹೆಂಡತಿ ನನ್ನ ಕಪ್ಪನ್ನೂ ಅವರ ಮುಂದೆ ಸರಿಸಿದಳು.

ಲಗ್ನಕ್ಕೆ ಇನ್ನೂ ಬಹಳ ದಿನವಿದೆ. ಹೆಂಡದ ದೇವರ ಮುಂದೆ ನಿಂತು ಚಹಾ ಬಿಟ್ಟ ಭಕ್ತ ಇಡೀ ರೋಮಿನಲ್ಲೂ ಸಿಕ್ಕಲಾರ!