ಅಣ್ಣನ ಕಡೆಯ ಡಿಸ್ಕು

ನನ್ನ ಚಿಕ್ಕಮಾವ ಒಂದೂವರೆ ವರ್ಷ, ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ, ತಮ್ಮ ಅಣ್ಣನ ಜಾಗಕ್ಕೆ ನುಗ್ಗುತ್ತಿದ್ದರು. ಬೀಗ ಒಡೆಯದೆ, ಗೋಡೆ ಹಾರದೆ, ಕೂತ ಕುರ್ಚಿಯಿಂದ ಏಳದೆ! ಕದ್ದದ್ದು ಮಾತ್ರ ಏನೂ ಇಲ್ಲ. ಹಳೇ ಮೇಜು, ಬೀರು ಕೊಂಡು ಮಾರಿಯೇ ಮೇಲೆ ಬಂದವನು ನಾನು; ಇಷ್ಟು ಲಾಭವಿಲ್ಲದ ಕಳ್ಳತನವನ್ನು ಇನ್ನೆಲ್ಲೂ ಕಂಡಿಲ್ಲ.

ಅಮ್ಮನಿಗೆ ಇಬ್ಬರು ತಮ್ಮಂದಿರು. ದೊಡ್ಡಮಾವ, ಚಿಕ್ಕಮಾವ ಸೇರಿ ಮೈಸೂರಿನ ಚಾಮರಾಜಪುರಂನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಟೈಪ್‌ರೈಟರುಗಳ ಕಾಲ ಮುಗಿಯಿತು ಅನ್ನುವಾಗ ಇಬ್ಬರೂ ಸೇರಿ ಒಂದು ಕಂಪ್ಯೂಟರ್ ತಂದು ಡಿ.ಟಿ.ಪಿ. ಅಂಗಡಿ ಅಂತ ಬೋರ್ಡು ಬದಲಿಸಿದರು. ಮದುವೆ ಕಾರ್ಡು, ನಾಮಕರಣದ ಕಾರ್ಡು, ಯೂನಿವರ್ಸಿಟಿ ಹುಡುಗರ ಥೀಸಿಸ್ಸು. ಕೆಲಸಕ್ಕೆ ಬರವಿರಲಿಲ್ಲ.

ಚಿಕ್ಕಮಾವನಿಗೆ ಒಂದೇ ಧರ್ಮ: ಕೊಟ್ಟ ಪ್ರತಿಯಲ್ಲಿ ಏನಿದೆಯೋ ಅದನ್ನೇ ಹೊಡೆಯಬೇಕು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಒಬ್ಬರು ಗೃಹಪ್ರವೇಶದ ಕರಡಿನ ಮೂಲೆಯಲ್ಲಿ ‘ಮಾವನ ಹೆಸರು ಹಾಕಬೇಕಾ ಅಂತ ಹೆಂಡ್ತಿಯನ್ನು ಕೇಳಿ ಹೇಳ್ತೀನಿ’ ಅಂತ ಗೀಚಿದ್ದರು. ಅದೂ ಅಚ್ಚಾಗಿ ಇನ್ನೂರು ಮನೆಗೆ ಹೋಯಿತು! ಅವರು ಜಗಳಕ್ಕೆ ಬಂದಾಗ ಚಿಕ್ಕಮಾವ ಕರಡನ್ನು ತೆಗೆದು ಮುಂದಿಟ್ಟು, “ಪ್ರತಿಯಲ್ಲಿ ಹಂಗೇ ಇದೆಯಲ್ಲ ಸ್ವಾಮಿ” ಅಂದರಂತೆ. ಅದಕ್ಕೇ ಹೇಳೋದು, ಇಂಥವರಿಗೆ ಕೆಲಸ ಕೊಡುವಾಗ ಕರಡಿನ ನಾಲ್ಕು ಮೂಲೆಯನ್ನೂ ನೋಡಿಕೊಳ್ಳಿ.

ಅಣ್ಣತಮ್ಮಂದಿರು ಮುರಿದುಕೊಂಡಿದ್ದೂ ಇದೇ ಧರ್ಮದಿಂದ. ದೊಡ್ಡಮಾವನ ಮಗಳ ಮದುವೆ ನಿಶ್ಚಯವಾಯಿತು. ಕರಡು ಬರೆದುಕೊಟ್ಟವರು ದೊಡ್ಡಮಾವ, ಹೊಡೆದವರು ಚಿಕ್ಕಮಾವ. ಕಾರ್ಡು ಹಂಚಿದ ಮೇಲೆ ನೋಡಿದರೆ ‘ತಮ್ಮ ಆಗಮನ ಬಯಸುವವರು’ ಅನ್ನುವ ಕಡೆ ಹುಡುಗಿಯ ಚಿಕ್ಕಪ್ಪನ ಹೆಸರೇ ಇಲ್ಲ! ತನ್ನ ಹೆಸರನ್ನು ತಾನೇ ಹಾಕಿಕೊಳ್ಳೋಕೆ ಇವನಿಗೆ ನಾನು ಬರೆದುಕೊಡಬೇಕಾ ಅಂತ ದೊಡ್ಡಮಾವ. ಬರೆಯೋವಾಗ ಒಡಹುಟ್ಟಿದವನು ನೆನಪಾಗಲಿಲ್ಲವಲ್ಲ ಅಂತ ಚಿಕ್ಕಮಾವ. ಮದುವೆಯಲ್ಲಿ ಇವರು ಕೊನೇ ಪಂಕ್ತಿಯಲ್ಲಿ ಪರಸ್ಥಳದವರ ಹಾಗೆ ಊಟ ಮಾಡಿ ಬಂದರು. ಆಮೇಲೆ ಮಾತಿಲ್ಲ.

ಅಂಗಡಿ ಪಾಲು ಮಾಡೋಕೆ ನನ್ನನ್ನು ಕರೆದರು. ಚೌಕಾಸಿಯಲ್ಲಿ ನನ್ನ ಹೆಸರಿದೆ, ಸುಳ್ಳು ಯಾಕೆ ಹೇಳಲಿ? ಟೈಪ್‌ರೈಟರು, ಬೆಂಚು, ಗೋಡೆ ಗಡಿಯಾರ ಎಲ್ಲ ಸಲೀಸಾಗಿ ಹಂಚಿದೆ. ಕಂಪ್ಯೂಟರ್ ಒಂದೇ. ಅದನ್ನು ಗರಗಸದಲ್ಲಿ ಕುಯ್ಯೋಕಾಗುತ್ತಾ? ಹೊತ್ತನ್ನು ಹಂಚಿದೆ. ಬೆಳಿಗ್ಗೆಯಿಂದ ಒಂದೂವರೆಯವರೆಗೆ ದೊಡ್ಡಮಾವ, ಎರಡರಿಂದ ಚಿಕ್ಕಮಾವ. ನಡುವೆ ಅರ್ಧ ಗಂಟೆ ಬಿಟ್ಟೆ, ಮುಖಾಮುಖಿ ಆಗಬಾರದಲ್ಲ! ಆ ಅರ್ಧ ಗಂಟೆ ನನಗೆ ಹೊಳೆದದ್ದಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಒಳಗಿನ ಡಿಸ್ಕಿಗೆ ಗೆರೆ ಎಳೆದವರು ಚಿಕ್ಕಮಾವ. ಆಚೆ ಭಾಗ ಅಣ್ಣನ ವಿಂಡೋಸಿಗೆ, ಈಚೆ ಭಾಗ ಇವರ ಲಿನಕ್ಸಿಗೆ. ಲಿನಕ್ಸು ಅಂದರೆ ವಿಂಡೋಸಿನ ಹಾಗೇ ಕಂಪ್ಯೂಟರ್ ನಡೆಸುವ ಇನ್ನೊಂದು ಏರ್ಪಾಡು, ಯಾವುದೋ ಪತ್ರಿಕೆಯ ಜೊತೆ ಸಿ.ಡಿ.ಯಲ್ಲಿ ಪುಕ್ಕಟೆ ಬಂದದ್ದು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು ಅಂತ ಇವರಿಗೆ ಹಿಗ್ಗೋ ಹಿಗ್ಗು. ನನಗೆ ಸರಿಬರಲಿಲ್ಲ. ಬೆಲೆಯೇ ಇಲ್ಲದ ಮಾಲಿಗೆ ಚೌಕಾಸಿ ಮಾಡೋದಾದರೂ ಹೇಗೆ?

ಒಂದು ಮಧ್ಯಾಹ್ನ ಹೋದಾಗ ಪರದೆಯ ಮೇಲೆ ದೊಡ್ಡಮಾವ ಬೆಳಿಗ್ಗೆ ಮಾಡಿದ್ದ ಉಪನಯನದ ಕಾರ್ಡು. ಗಾಬರಿಯಾಯಿತು. ಇದು ಆ ಕಡೆಯದಲ್ಲವಾ ಅಂದೆ.

“ಈ ಕಡೆಯಿಂದ ಕಾಣುತ್ತೆ ಕಣೋ. ಆ ಕಡೆಯಿಂದ ಈ ಕಡೆ ಕಾಣಲ್ಲ.”

ಪಾಲಾದ ಮೇಲೆ ಇಣುಕಿ ನೋಡೋದು ನ್ಯಾಯವಾ ಅಂತ ಕೇಳಿದೆ. ಒಪ್ಪಂದ ಮಾಡಿಸಿದವನು ನಾನಲ್ಲವಾ!

“ಓದೋಕೆ ಮಾತ್ರ. ಬರೆಯೋಕೆ ಹೋದ್ರೆ ಅಣ್ಣನ ಡಿಸ್ಕೇ ಕೆಟ್ಟೋಗಬಹುದು. ಈ ಸಾಫ್ಟ್‌ವೇರ್ ಇನ್ನೂ ಅಷ್ಟು ಬೆಳೆದಿಲ್ಲ. ಅದಕ್ಕೇ ಒಂದು ಚುಕ್ಕೀನೂ ಇಡಲ್ಲ.”

ಮೊದಮೊದಲು ಅಣ್ಣನ ಕನ್ನಡ ಇವರ ಕಡೆ ಹುಳ ಹರಿದ ಹಾಗೆ ಕಾಣುತ್ತಿತ್ತಂತೆ. ಮೂರು ವಾರ ಹೆಣಗಿ ಅಣ್ಣನ ಅಕ್ಷರಗಳ ಫಾಂಟನ್ನು ಈಚೆಗೆ ನಕಲು ಮಾಡಿಕೊಂಡಿದ್ದರು. ಅಣ್ಣ ಎದುರಿಗೆ ಸಿಕ್ಕರೆ ದಾರಿ ತಪ್ಪಿಸಿ ಕುಂಬಾರಕೊಪ್ಪಲಿನತ್ತ ಸೈಕಲ್ ತಿರುಗಿಸಿಕೊಂಡು ಹೋಗುವ ಮನುಷ್ಯ!

ದೊಡ್ಡಮಾವನಿಗೊಂದು ಅಭ್ಯಾಸ. ಕೆಲಸ ನಿಲ್ಲಿಸಿದ ಜಾಗ ಮರೆಯದಿರಲಿ ಅಂತ ಅಲ್ಲೇ ‘ಇಲ್ಲಿಗೆ ಊಟಕ್ಕೆ ಎದ್ದೆ’ ಅಂತ ಹೊಡೆದು ಏಳೋರು, ಮಾರನೆಯ ದಿನ ಬಂದು ಅಳಿಸೋರು. ಚಿಕ್ಕಮಾವ ಮೊದಲು ಹುಡುಕುತ್ತಿದ್ದುದು ಆ ಸಾಲನ್ನೇ. ಆಮೇಲೆ ತಮ್ಮ ಕೆಲಸ.

“ಹೋದ ವರ್ಷ ಹದಿನಾಲ್ಕರ ಸೈಜಿನ ಅಕ್ಷರದಲ್ಲಿ ಹೊಡೀತಿದ್ದ,” ಅಂದರು ಒಮ್ಮೆ. “ಈಗ ಇಪ್ಪತ್ತನಾಲ್ಕು. ಕಣ್ಣು ಮಂಜಾಗ್ತಿದೆ ಕಣೋ ಅಣ್ಣನಿಗೆ. ತೋರಿಸ್ಕೋ ಅಂತ ಯಾರಾದ್ರೂ ಹೇಳಬೇಕು.”

ನೀವೇ ಹೇಳಿ ಅಂದೆ. ಅವರು ಅಣ್ಣನ ಫೈಲು ಮುಚ್ಚಿ ತಮ್ಮ ಕೆಲಸ ತೆಗೆದರು. ನಾನು ಹೋಗಿ, ನನ್ನದೇ ಮಾತು ಅನ್ನೋ ಹಾಗೆ ಹೇಳಿ, ಕನ್ನಡಕ ಬದಲಿಸುವಂತೆ ಮಾಡಿದೆ. ಅಕ್ಷರ ಹದಿನಾರಕ್ಕಿಳಿದ ದಿನ ಚಿಕ್ಕಮಾವ ನನಗೆ ಮಸಾಲೆ ದೋಸೆ ಕೊಡಿಸಿದರು. ಇವರ ಕೈಯಿಂದ ದೋಸೆ ಬಿಡಿಸಿದವನು ಮೈಸೂರಿನಲ್ಲಿ ನಾನೊಬ್ಬನೇ ಇರಬೇಕು!

ಅಷ್ಟರಲ್ಲಿ ಒಂದು ಬೆಳಿಗ್ಗೆ ವಿಂಡೋಸ್ ಏಳಲೇ ಇಲ್ಲ. ದೊಡ್ಡಮಾವ ಹೊಡೆದು ಮುಗಿಸಿ ತಿದ್ದುತ್ತಿದ್ದ ಕನ್ನಡ ಥೀಸಿಸ್ಸು, ಇನ್ನೂರು ಪುಟ, ಪೂರ್ತಿ ಒಳಗೇ ಸಿಕ್ಕಿಕೊಂಡಿತು. ಒಪ್ಪಿಸೋಕೆ ಎರಡೇ ದಿನ. ಅವರು ತಲೆ ಮೇಲೆ ಕೈ ಹೊತ್ತು ಮನೆಗೆ ಹೋದರು. ಎರಡು ಗಂಟೆಗೆ ಚಿಕ್ಕಮಾವನಿಗೆ ವಿಷಯ ಮುಟ್ಟಿಸಿದೆ. ಅವರು ಶರಟಿನ ತೋಳು ಮಡಚಿ ಕೂತರು. ಅಣ್ಣನ ಕಡೆ ಏಳದಿದ್ದರೇನು, ಇವರ ಕಡೆಯಿಂದ ಬಾಗಿಲು ತೆರೆದೇ ಇತ್ತಲ್ಲ.

ಮಾರನೆಯ ಬೆಳಿಗ್ಗೆ ಮೇಜಿನ ಮೇಲೆ ಇನ್ನೂರು ಪುಟ, ಮೇಲೊಂದು ಕಲ್ಲು. ದೊಡ್ಡಮಾವ ತಿರುವುತ್ತಾ ಹೋಗಿ ನೂರ ತೊಂಬತ್ತೆರಡನೇ ಪುಟದಲ್ಲಿ ನಿಂತರು. ಸಂಶೋಧನೆಯ ಮಧ್ಯೆ ಅಚ್ಚುಕಟ್ಟಾಗಿ, ‘ಇಲ್ಲಿಗೆ ಊಟಕ್ಕೆ ಎದ್ದೆ’!

“ಬೇರೆ ಯಾರೇ ಆಗಿದ್ರೂ ಇದನ್ನ ತೆಗೆದಿರೋರು,” ಅಂದರು. “ಅವನಿಗೆ ನನ್ನದು ಕಾಣುತ್ತಾ?”

ಗುಟ್ಟು ಯಾವಾಗ ಬಿಟ್ಟುಕೊಡಬೇಕು ಅನ್ನೋದು ವ್ಯಾಪಾರದವನಿಗೆ ಗೊತ್ತಿರಬೇಕು. ಕಾಣುತ್ತೆ ಅಂದೆ, ಓದಬಹುದು ಅಷ್ಟೇ ಅಂದೆ. ಎಷ್ಟು ದಿನದಿಂದ ಅಂದರು. ಮೊದಲಿನಿಂದಲೂ ಅಂದೆ. ಅವರು ಹೊಸ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ವಿಂಡೋಸ್ ರಿಪೇರಿಯಾದ ಮೂರನೇ ದಿನ ಚಿಕ್ಕಮಾವ ಫೋನ್ ಮಾಡಿ ಬಾ ಅಂದರು, ಅಷ್ಟೇ. ಹೋದೆ. ಪರದೆಯ ಮೇಲೆ ದೊಡ್ಡಮಾವ ಅವತ್ತು ಬೆಳಿಗ್ಗೆ ತಮ್ಮ ಕಡೆ ಹೊಡೆದಿಟ್ಟ ಒಂದು ಮದುವೆ ಕಾರ್ಡು. ಯಾವಾಗಲೋ ಮುಗಿದುಹೋದ ಆ ಮದುವೆಯದೇ! ಆ ಹುಡುಗಿಯ ಕಂಕುಳಲ್ಲಿ ಆಗಲೇ ಕೂಸು. ‘ತಮ್ಮ ಆಗಮನ ಬಯಸುವವರು’ ಅನ್ನುವ ಕಡೆ ಮೊದಲನೇ ಹೆಸರು ಚಿಕ್ಕಮಾವನದು. ಅದರ ಕೆಳಗೆ ದೊಡ್ಡಮಾವನದು.

ಅವರು ಅದನ್ನು ಪದೇ ಪದೇ ಓದುತ್ತಿದ್ದರು. ಬೆರಳು ಕೀಲಿಗಳ ಮೇಲೆ ಇತ್ತು, ಒತ್ತುತ್ತಿರಲಿಲ್ಲ.

“ಈ ಕಡೆಯಿಂದ ಬರೆಯೋಕಾಗಲ್ಲವಲ್ಲೋ.”

ಊರಿಗೆಲ್ಲ ಬುದ್ಧಿ ಹೇಳುವ ನನಗೆ ಆಗ ಹೊಳೆಯಿತು, ನಾನು ಹೆಮ್ಮೆಪಟ್ಟ ಆ ಅರ್ಧ ಗಂಟೆ ಎಂಥ ಕೆಟ್ಟ ವ್ಯಾಪಾರ ಅಂತ. ನಾಳೆ ಎರಡಕ್ಕಲ್ಲ, ಒಂದಕ್ಕೇ ಬನ್ನಿ ಮಾವ ಅಂದೆ. ಒಪ್ಪಂದ ಅಂದರು. ಒಪ್ಪಂದ ನನ್ನದು, ನಾನೇ ಮುರಿದೆ ಅಂದೆ.

ಮಾರನೆಯ ದಿನ ಒಂದು ಗಂಟೆಗೆ ಚಿಕ್ಕಮಾವ ಅಂಗಡಿಯ ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟು ನಿಂತರು. ಪಕ್ಕದಲ್ಲಿ ನಾನು. ದೊಡ್ಡಮಾವ ತಿರುಗಿ ನೋಡಲಿಲ್ಲ. ಕೈ ಕೀಲಿಗಳ ಮೇಲೇ ಇತ್ತು. ಕಾಲಿನಿಂದ ಸ್ಟೂಲನ್ನು ತಮ್ಮ ಪಕ್ಕಕ್ಕೆ ಎಳೆದರು. ಚಿಕ್ಕಮಾವ ಹೋಗಿ ಕೂತರು. ದೊಡ್ಡಮಾವ ಆ ಮದುವೆ ಕಾರ್ಡನ್ನು ಪರದೆಗೆ ತಂದರು.

“ಪ್ರೂಫ್ ನೋಡಿದ್ಯೇನೋ?”

“ನೋಡ್ದೆ ಅಣ್ಣ. ನನ್ನ ಹೆಸರು ನಿನ್ನ ಹೆಸರಿಗಿಂತ ಮೇಲೆ ಬಂದ್ಬುಟ್ಟಿದೆ. ಕೆಳಗೆ ಇಳಿಸು.”

ದೊಡ್ಡಮಾವ ಮೇಜಿನ ಖಾನೆ ಎಳೆದು, ಆ ಕಾರ್ಡಿಗೆ ತಮ್ಮ ಕೈಯಾರೆ ಬರೆದ ಹೊಸ ಕರಡೊಂದನ್ನು ತೆಗೆದು ತಮ್ಮನ ಮುಂದಿಟ್ಟರು.

“ಪ್ರತಿಯಲ್ಲಿ ಹಂಗೇ ಇದೆ ಕಣೋ,” ಅಂದರು.